ಗಾಜಿನ ತೊಟ್ಟಿಯ ಕೆಂಪು ಸೀಗಡಿ

ಸೀಗಡಿ ಎಂದೊಡನೆ ಕರಾವಳಿಯ ವಾಚಕರಿಗೆ ಅಡುಗೆಯ ಮನೆ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಹೇಳಹೊರಟಿರುವ ಸೀಗಡಿ ಬಾಣಲೆಯನ್ನು ಕಂಡರಿಯದು. ಅದರ ಉದ್ದ ಹೆಚ್ಚೆಂದರೆ ಒಂದಂಗುಲ, ಬಣ್ಣ ಮಾಗಿದ ಚೆರ್ರಿ ಹಣ್ಣಿನದು, ವಾಸ ಸಿಹಿನೀರಿನಲ್ಲಿ. ಹಸಿರು ಹಾವಸೆಯ ಮೇಲೆ ಕುಳಿತು, ಪುಟ್ಟ ಕೈಗಳಿಂದ ಕಣ್ಣಿಗೆ ಕಾಣದ ಏನನ್ನೋ ಹೆಕ್ಕಿ ಹೆಕ್ಕಿ ಬಾಯಿಗಿಡುತ್ತಿರುವ ಈ ಜೀವಿಯನ್ನು ನೋಡಲು ಕುಳಿತವರು ಅರ್ಧ ಗಂಟೆಗೆ ಮೊದಲು ಏಳುವುದು ಕಷ್ಟ. ನಗರದ ಬಾಡಿಗೆ ಮನೆಯಲ್ಲಿ ನಾಯಿಗೆ ಸ್ಥಳವಿಲ್ಲ. ಬೆಕ್ಕಿಗೆ ಮನೆಯೊಡೆಯರ ಒಪ್ಪಿಗೆಯಿಲ್ಲ. ಮೂವತ್ತು ಲೀಟರು ಹಿಡಿಯುವ ಗಾಜಿನ ತೊಟ್ಟಿಗೆ ಮೇಜಿನ ಒಂದು ಮೂಲೆ ಸಾಕು. ಬೊಗಳುವುದಿಲ್ಲ, ಕೂದಲುದುರಿಸುವುದಿಲ್ಲ, ನೆರೆಯವರ ದೂರಿಗೆ ಎಡೆಯಿಲ್ಲ. ಚೆರ್ರಿ ಸೀಗಡಿಯು ಮಧ್ಯಮವರ್ಗದ ಮನೆಗಳ ಹಜಾರವನ್ನು ಸೇರಿರುವುದು ಹೀಗೆ.

ಸೇರುವುದೇನೋ ಸುಲಭ, ಉಳಿಯುವುದು ಕಷ್ಟ. ಅಂಗಡಿಯಿಂದ ತಂದ ಹತ್ತು ಸೀಗಡಿಗಳಲ್ಲಿ ಹದಿನೈದು ದಿನಗಳ ಬಳಿಕ ಒಂದೂ ಉಳಿಯದ ಮನೆಗಳು ಬಹಳ ಉಂಟು. ಶಾಲೆಗೆ ಹೊರಟ ಮಗು, ತೊಟ್ಟಿಯ ತಳದಲ್ಲಿ ಬಿಳುಚಿ ಬಿದ್ದಿರುವುದನ್ನು ಕಂಡು, "ಇದು ಏಕೆ ಸತ್ತಿತು?" ಎಂದು ಕೇಳಿದರೆ ಉತ್ತರ ಹೇಳುವ ಹೊಣೆ ತಂದೆತಾಯಿಗಳದು. ನೀರು ಕೊಳೆಯಾಗಿತ್ತು ಎಂಬುದು ವಾಡಿಕೆಯ ಉತ್ತರ. ಅನೇಕ ವೇಳೆ ನಿಜವಾದ ಉತ್ತರ ಇದಕ್ಕೆ ನೇರ ವಿರುದ್ಧವಾದದ್ದು. ನೀರು ತೀರ ಹೊಸದಾಗಿತ್ತು, ತೊಟ್ಟಿ ತೀರ ಚೊಕ್ಕಟವಾಗಿತ್ತು, ಆದ್ದರಿಂದ ಸತ್ತಿತು!

ಕನ್ನಡದಲ್ಲಿ 'ತಿಳಿ' ಎಂಬ ಒಂದೇ ಮಾತು ಕದಡದ ನೀರಿಗೂ ಸಲ್ಲುತ್ತದೆ, ಅರಿಯುವ ಕ್ರಿಯೆಗೂ ಸಲ್ಲುತ್ತದೆ. ತೊಟ್ಟಿಯ ಮಟ್ಟಿಗೆ ಮಾತ್ರ ಈ ಎರಡು ಅರ್ಥಗಳು ಒಂದರಿಂದೊಂದು ದೂರವಾಗಿವೆ. ತಿಳಿಯಾದ ನೀರಿನಲ್ಲಿ ಏನಿದೆಯೆಂದು ಕಣ್ಣಿಗೆ ತಿಳಿಯದು. ಅಮೋನಿಯಕ್ಕೆ ಬಣ್ಣವಿಲ್ಲ, ತಾಮ್ರದ ಲವಕ್ಕೆ ಬಣ್ಣವಿಲ್ಲ, ಕ್ಲೋರಿನ್ನಿಗೂ ಇಲ್ಲ. ಮೂರೂ ಸೀಗಡಿಗೆ ಯಮದೂತರು. ಕಂದು ಬಣ್ಣದ, ನೋಡಿದರೆ ಚಹದ ನೀರಿನಂತಿರುವ ತೊಟ್ಟಿಯಲ್ಲಿ ಅದೇ ಸೀಗಡಿ ಮರಿಮಾಡಿಕೊಂಡು ಸುಖವಾಗಿರಬಲ್ಲದು.

ಬಂದುದು ಎಲ್ಲಿಂದ?

ಈ ಸೀಗಡಿಯ ತವರು ಪೂರ್ವ ಏಷ್ಯದ ಹಳ್ಳಕೊಳಗಳು, ಮುಖ್ಯವಾಗಿ ಚೀನ ಮತ್ತು ತೈವಾನ್. ಅಲ್ಲಿ ಅದರ ಮೈ ಕೆಂಪಲ್ಲ. ಕೆಸರಿನೊಡನೆಯೂ ಉದುರೆಲೆಯೊಡನೆಯೂ ಬೆರೆತುಹೋಗುವ ಕಂದು ಹಸಿರು; ಕೆಲವೊಮ್ಮೆ ಒಳಗಿನ ಕರುಳು ಕಾಣುವಷ್ಟು ಪಾರದರ್ಶಕ. ಕೆಂಪು ಹೆಚ್ಚಿದ್ದ ಮರಿಗಳನ್ನೇ ಆರಿಸಿ, ಅವುಗಳನ್ನೇ ಕೂಡಿಸಿ, ತಲೆಮಾರಿನಿಂದ ತಲೆಮಾರಿಗೆ ಬಣ್ಣ ಏರಿಸಿದವರು ಸಾಕಣೆಗಾರರು. ಹಳದಿ, ನೀಲಿ, ಕಿತ್ತಳೆ ಬಣ್ಣಗಳೂ ಹೀಗೆಯೇ ಬಂದವು. ಇವನ್ನೆಲ್ಲ ಒಂದೇ ತೊಟ್ಟಿಯಲ್ಲಿ ಬಿಟ್ಟು ಚೆಂದ ನೋಡೋಣವೆಂದರೆ, ಕೆಲವೇ ತಲೆಮಾರುಗಳಲ್ಲಿ ಮರಿಗಳು ಕಾಡಿನ ಕಂದು ಬಣ್ಣಕ್ಕೆ ಮರಳುತ್ತವೆ. ಬಣ್ಣವೊಂದಕ್ಕೆ ತೊಟ್ಟಿಯೊಂದು ಎಂಬುದೇ ನಿಯಮ.

ಇದರ ಶಾಸ್ತ್ರೀಯ ನಾಮ ನಿಯೊಕ್ಯಾರಿಡೀನ ಡೇವಿಡಿ. 1904ರಲ್ಲಿ ಬೂವಿಯೆ ಎಂಬ ಫ್ರೆಂಚ್ ಪ್ರಾಣಿವಿಜ್ಞಾನಿ ಇದನ್ನು ವರ್ಣಿಸಿದರು. ಹೆಸರಿನಲ್ಲಿರುವ ಡೇವಿಡ್, ಚೀನದಲ್ಲಿ ಸಂಚರಿಸಿದ ಫ್ರೆಂಚ್ ಪಾದ್ರಿ ಆರ್ಮಾಂದ್ ದಾವೀದ್. 1869ರಲ್ಲಿ ದೈತ್ಯ ಪಾಂಡವನ್ನು ಪಾಶ್ಚಾತ್ಯ ಜಗತ್ತಿಗೆ ಪರಿಚಯಿಸಿದವರೂ ಇವರೇ. ಅಷ್ಟು ದೊಡ್ಡ ಕರಡಿಗೂ ಇಷ್ಟು ಸಣ್ಣ ಸೀಗಡಿಗೂ ಒಬ್ಬರೇ ಬಂಧುವಾದದ್ದು ಸ್ವಾರಸ್ಯದ ಸಂಗತಿ.

ಸೀಗಡಿಯನ್ನು ಗಾಜಿನ ತೊಟ್ಟಿಯ ಗೌರವದ ನಿವಾಸಿಯನ್ನಾಗಿ ಮಾಡಿದ ಕೀರ್ತಿಯಲ್ಲಿ ದೊಡ್ಡ ಪಾಲು ಜಪಾನಿನ ತಕಾಶಿ ಅಮಾನೊ ಅವರದು. 1954ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಈತ ಮೊದಲು ಸೈಕಲ್ ಪಂದ್ಯಗಳ ಸ್ಪರ್ಧಿ, ಅನಂತರ ಛಾಯಾಗ್ರಾಹಕ, ಕೊನೆಗೆ ನೀರೊಳಗಿನ ತೋಟಗಳ ಶಿಲ್ಪಿ. ತಮ್ಮ ಜಲೋದ್ಯಾನಗಳಲ್ಲಿ ಗಿಡಗಳ ಮೇಲೆ ಹಬ್ಬುವ ಪಾಚಿಯನ್ನು ತೊಲಗಿಸುವುದಕ್ಕಾಗಿ 1980ರ ದಶಕದಲ್ಲಿ ಅವರು ಮೊರೆಹೊಕ್ಕದ್ದು ತಮ್ಮ ದೇಶದ ಒಂದು ಹಳ್ಳದ ಸೀಗಡಿಯನ್ನು. ಇಂದು ಅದು ಅಮಾನೊ ಸೀಗಡಿಯೆಂದೇ ಲೋಕಪ್ರಸಿದ್ಧ. ಅದು ಪಾಚಿ ತಿನ್ನುವುದರಲ್ಲಿ ಚೆರ್ರಿ ಸೀಗಡಿಗಿಂತ ಒಂದು ಕೈ ಮೇಲು. ಆದರೆ ಅದರ ಮರಿಗಳು ಬದುಕಲು ಉಪ್ಪುನೀರು ಬೇಕು. ಚೆರ್ರಿ ಸೀಗಡಿಯ ಮರಿ ಮೊಟ್ಟೆಯಿಂದ ಹೊರಬರುವಾಗಲೇ ತಾಯಿಯ ಪುಟ್ಟ ಪ್ರತಿಯಂತಿದ್ದು, ಅದೇ ಸಿಹಿನೀರಿನಲ್ಲಿ ಬೆಳೆಯುತ್ತದೆ. ಹೊಸಬರಿಗೆ ಇದನ್ನೇ ಆರಿಸಿಕೊಳ್ಳಿರೆಂದು ಹೇಳುವುದು ಈ ಕಾರಣಕ್ಕೆ.

ಕಾಣದ ಕೆಲಸಗಾರರು

ತೊಟ್ಟಿ ತಂದು, ತೊಳೆದು, ನೀರು ತುಂಬಿಸಿ, ಅದೇ ಸಂಜೆ ಸೀಗಡಿ ಬಿಡುವುದು ನಮ್ಮಲ್ಲಿ ವಾಡಿಕೆ. ಅಂಗಡಿಯವರೂ ಬೇಡವೆನ್ನುವುದಿಲ್ಲ, ಎರಡೂ ಒಟ್ಟಿಗೆ ಮಾರಾಟವಾದರೆ ಅವರಿಗೇನು ನಷ್ಟ? ಆದರೆ ಇದು ಒಲೆಯಿಲ್ಲದ, ಬಚ್ಚಲಿಲ್ಲದ ಮನೆಗೆ ಸಂಸಾರವನ್ನು ಕರೆತಂದಂತೆ.

ಇದನ್ನು ಮೊದಲು ಕಂಡುಕೊಂಡವರ ಕಥೆ ಹಳೆಯದು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1849ರಲ್ಲಿ ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಮರಳು, ಮಣ್ಣು ಹಾಕಿ, ಎರಡು ಪುಟ್ಟ ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಗಿಡವನ್ನೂ ಇರಿಸಿದರು. ಗಿಡ ಆಮ್ಲಜನಕ ಕೊಡಲಿ, ಮೀನು ಉಸಿರಾಡಲಿ ಎಂಬುದು ಲೆಕ್ಕ. ಕೆಲವು ಕಾಲ ಎಲ್ಲವೂ ಸರಿಯಾಗಿತ್ತು. ಬಳಿಕ ಗಿಡದ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಲೋಳೆ ಕಟ್ಟಿತು. ವಾರಿಂಗ್ಟನ್ ನೀರನ್ನು ಚೆಲ್ಲಲಿಲ್ಲ. ಕೊಳದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟರು. ಅವು ಕೊಳೆತದ್ದನ್ನು ತಿಂದವು. ಪಾತ್ರೆ ಮರಳಿ ತಿಳಿಯಾಯಿತು. 1850ರಲ್ಲಿ ಅವರು ಕೆಮಿಕಲ್ ಸೊಸೈಟಿಯ ಮುಂದಿಟ್ಟ ಈ ವರದಿ, ಇಂದಿನ ಎಲ್ಲ ಗಾಜಿನ ತೊಟ್ಟಿಗಳಿಗೂ ಅಸ್ತಿಭಾರ. ತಿಳಿನೀರು ತೊಳೆಯುವುದರಿಂದ ಬರುವುದಲ್ಲ, ತಿನ್ನುವವರು ಇರುವುದರಿಂದ ಬರುವುದು ಎಂದು ಆತ ತೋರಿಸಿಕೊಟ್ಟರು.

ಬಸವನಹುಳುವಿಗಿಂತ ಮುಖ್ಯರಾದ ಕೆಲಸಗಾರರು ವಾರಿಂಗ್ಟನ್ನರ ಕಣ್ಣಿಗೆ ಬಿದ್ದಿರಲಿಲ್ಲ. ಸೀಗಡಿಯ ಮಲದಿಂದಲೂ ಉಳಿದ ಮೇವಿನಿಂದಲೂ ನೀರಿನಲ್ಲಿ ಅಮೋನಿಯ ಹುಟ್ಟುತ್ತದೆ. ಇದು ಘೋರ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಪರಿವರ್ತಿಸುತ್ತವೆ; ಇದೂ ವಿಷವೇ. ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಇದು ಬಹುಮಟ್ಟಿಗೆ ನಿರಪಾಯಕಾರಿ, ಗಿಡಗಳಿಗೆ ಆಹಾರ. ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವರು ರಷ್ಯದ ಸೆರ್ಗೈ ವಿನೊಗ್ರಾಡ್ಸ್ಕಿ, 1890ರ ಸುಮಾರಿಗೆ, ಜ಼್ಯೂರಿಕ್ಕಿನಲ್ಲಿ. 2015ರಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ಅಮೋನಿಯದಿಂದ ನೈಟ್ರೇಟಿನವರೆಗಿನ ಎರಡೂ ಹೆಜ್ಜೆಗಳನ್ನು ಒಂದೇ ಜೀವಿ ಪೂರೈಸುವುದೂ ಉಂಟು! ಅದನ್ನು ಕಂಡ ಎರಡು ತಂಡಗಳಲ್ಲಿ ಒಂದಕ್ಕೆ ಅದು ದೊರೆತದ್ದು ಮೀನುಸಾಕಣೆಯ ತೊಟ್ಟಿಯ ಶೋಧಕದಲ್ಲಿ.

ಗೃಹಿಣಿಯರು ಗಮನಿಸಬೇಕಾದ ವಿಷಯವೊಂದಿದೆ. ಈ ಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದು ಅಲ್ಪ. ಮರಳಿಗೆ, ಕಲ್ಲಿಗೆ, ಎಲೆಗೆ, ಶೋಧಕದ ಸ್ಪಂಜಿಗೆ ಅಂಟಿಕೊಂಡಿರುವುದೇ ಹೆಚ್ಚು. ನೀರನ್ನು ಸ್ವಲ್ಪ ಬದಲಾಯಿಸಿದರೆ ಅವಕ್ಕೆ ಕೇಡಿಲ್ಲ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ನಿಗೆ ಅವು ಬಲಿ. ಕಲ್ಲುಮರಳನ್ನು ಬಕೆಟ್ಟಿಗೆ ಸುರಿದು ಉಜ್ಜಿ, ಬಿಸಿಲಿಗೆ ಹರವಿ ಒಣಗಿಸಿದರಂತೂ ಸರ್ವನಾಶ. ಹಬ್ಬದ ಹಿಂದಿನ ದಿನ ಮನೆಯ ಪಾತ್ರೆಪಡಗಗಳೊಡನೆ ತೊಟ್ಟಿಯನ್ನೂ ಬೆಳಗಿಟ್ಟು, ಹಬ್ಬದ ಮರುದಿನ ಸತ್ತ ಸೀಗಡಿಗಳನ್ನು ಎತ್ತಿಹಾಕುವ ಮನೆಗಳಲ್ಲಿ ಆದದ್ದು ಇದೇ.

ಆದ್ದರಿಂದ ಮೊದಲು ತೊಟ್ಟಿಯನ್ನು ಅಣಿಗೊಳಿಸತಕ್ಕದ್ದು. ತಳಕ್ಕೆ ತೊಳೆದ ಸಣ್ಣ ನೊರಜುಗಲ್ಲು. ಗಾಳಿಪಂಪಿನಿಂದ ನಡೆಯುವ ಸ್ಪಂಜಿನ ಶೋಧಕ ಒಂದು. ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರು ಸ್ಪಂಜಿನ ಮೂಲಕ ಎಳೆಯಲ್ಪಡುತ್ತದೆ, ಅಷ್ಟೇ ಅದರ ಯಂತ್ರ. ದೊಡ್ಡ ಮೋಟಾರಿನ ಶೋಧಕ ಬೇಡ. ಅದು ಮರಿಗಳನ್ನು ನುಂಗುತ್ತದೆ. ಜಾವಾ ಮಾಸ್ ಎಂಬ ಹಾವಸೆ ಒಂದು ಹಿಡಿ, ನಮ್ಮ ಕೆರೆಗಳಲ್ಲಿಯೂ ಬೆಳೆಯುವ ವ್ಯಾಲಿಸ್ನೇರಿಯದಂಥ ಗಿಡ ನಾಲ್ಕಾರು. ಬಳಿಕ ನಾಲ್ಕರಿಂದ ಆರು ವಾರ ಸುಮ್ಮನಿರಬೇಕು. ಸೀಗಡಿಗೆ ಹಾಕುವ ಮೇವನ್ನೇ ಎರಡು ದಿನಗಳಿಗೊಮ್ಮೆ ಚಿಟಿಕೆ ಹಾಕುತ್ತ ಬಂದರೆ ಅದು ಕೊಳೆತು ಅಮೋನಿಯ ಹುಟ್ಟಿ, ಸೂಕ್ಷ್ಮಜೀವಿಗಳಿಗೆ ಊಟವಾಗುತ್ತದೆ. ಅಂಗಡಿಯಲ್ಲಿ ಸಿಗುವ ಪರೀಕ್ಷಾದ್ರವದ ತೊಟ್ಟುಗಳಿಂದ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಸ್ವಲ್ಪ ಉಂಟು ಎಂದು ಕಂಡ ದಿನ ಮನೆ ಸಿದ್ಧವಾಯಿತೆಂದು ಅರ್ಥ. ಆರು ವಾರ ಬರಿಯ ನೀರನ್ನು ನೋಡಿಕೊಂಡಿರುವುದು ಮಕ್ಕಳಿಗೆ ಕಷ್ಟ. ದೊಡ್ಡವರಿಗೆ ಇನ್ನೂ ಕಷ್ಟ. ಇದರಲ್ಲಿ ಸೋತವರೇ ಅಂಗಡಿಗಳ ಖಾಯಂ ಗಿರಾಕಿಗಳು.

ನೀರು ಮಬ್ಬಾದಾಗ

ಹೊಸ ತೊಟ್ಟಿಯ ನೀರು ಮೂರನೆಯ ದಿನಕ್ಕೋ ನಾಲ್ಕನೆಯ ದಿನಕ್ಕೋ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುವುದುಂಟು. ಗಾಬರಿಯಾಗಿ ನೀರೆಲ್ಲವನ್ನೂ ಚೆಲ್ಲಿ ಹೊಸದನ್ನು ತುಂಬುತ್ತಾರೆ. ಮೂರು ದಿನಗಳಲ್ಲಿ ಮತ್ತೆ ಬಿಳುಪು. ಇದು ನೀರಿನಲ್ಲಿ ತೇಲುವ ಬೇರೊಂದು ಬಗೆಯ ಬ್ಯಾಕ್ಟೀರಿಯಗಳ ಸಂತೆ. ಕೊಳೆಯುವ ಪದಾರ್ಥ ಇರುವವರೆಗೆ ಅವು ಹೆಚ್ಚುತ್ತವೆ, ತೀರಿದೊಡನೆ ಕರಗುತ್ತವೆ. ಮೇವು ನಿಲ್ಲಿಸಿ, ಗಾಳಿ ಹೆಚ್ಚಿಸಿ, ಕೈಕಟ್ಟಿ ಕುಳಿತರೆ ಒಂದೆರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಗಾಳಿ ಹೆಚ್ಚಿಸುವುದೇಕೆಂದರೆ ಈ ಸಂತೆಯ ಮಂದಿ ಆಮ್ಲಜನಕವನ್ನು ಬಹಳವಾಗಿ ಬಳಸುತ್ತಾರೆ. ಹಳೆಯ ತೊಟ್ಟಿ ಇದ್ದಕ್ಕಿದ್ದಂತೆ ಹೀಗೆ ಬೆಳ್ಳಗಾದರೆ ಮೇವು ಮಿತಿಮೀರಿತೆಂದೋ, ಕಲ್ಲಿನ ಸಂದಿಯಲ್ಲಿ ಏನೋ ಸತ್ತು ಕೊಳೆಯುತ್ತಿದೆಯೆಂದೋ ತಿಳಿಯಬೇಕು.

ನೀರು ಹಸಿರಾದರೆ ಅಪರಾಧಿ ಬೆಳಕು. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ತೊಟ್ಟಿಯನ್ನು ಇಡಬಾರದು. ದೀಪ ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು. ಕಂದು ಬಣ್ಣವಾದರೆ ಅದು ತೊಟ್ಟಿಯಲ್ಲಿಟ್ಟ ಮರದ ತುಂಡಿನ ಒಗರು; ಅಪಾಯವಿಲ್ಲ, ಇಷ್ಟವಿಲ್ಲದವರು ಮರವನ್ನು ಮೊದಲೇ ಕುದಿಸಿ ಹಾಕಬಹುದು.

ಈ ಕಂದು ಬಣ್ಣವನ್ನು ಬಯಸಿ ತರುವವರೂ ಉಂಟು. ನಮ್ಮ ಶಾಲೆಗಳ ಅಂಗಳದಲ್ಲಿ ಛತ್ರಿಯ ಮೇಲೆ ಛತ್ರಿ ಬಿಚ್ಚಿಟ್ಟಂತೆ ನಿಂತು, ಉದುರುವ ಮುನ್ನ ಎಲೆಯನ್ನು ಕೆಂಪಾಗಿಸುವ ಕಾಡುಬಾದಾಮಿ ಮರವನ್ನು ಬಲ್ಲಿರಷ್ಟೆ. ಅದರ ಒಣಗಿದ ಎಲೆ ಸೀಗಡಿಗೆ ಪ್ರಿಯವಾದ ವಸ್ತು. ನೀರಿನಲ್ಲಿ ಮೆಲ್ಲನೆ ಮೆತ್ತಗಾಗುತ್ತ, ಮೇಲೆಲ್ಲ ತೆಳುವಾದ ಜೀವಲೋಳೆ ಬೆಳೆದು, ಮರಿಗಳಿಗೆ ಹಗಲಿರುಳಿನ ಛತ್ರವಾಗುತ್ತದೆ. ಪರದೇಶಗಳಲ್ಲಿ ಇದನ್ನು ಪೊಟ್ಟಣ ಕಟ್ಟಿ, ಎಣಿಸಿ ಮಾರುತ್ತಾರೆ; ನಮ್ಮಲ್ಲಿ ಬೆಳಗ್ಗೆ ಗುಡಿಸಿ ಬೆಂಕಿಗೆ ಹಾಕುತ್ತೇವೆ. ಔಷಧ ಹೊಡೆಯದ ಮರದ ಕೆಳಗಿನಿಂದ ತಾನಾಗಿ ಉದುರಿ ಒಣಗಿದ ಎಲೆಯನ್ನು ಆರಿಸಿ, ತೊಳೆದು, ಒಮ್ಮೆ ಕುದಿಸಿ ಹಾಕಿದರಾಯಿತು. ಮೂವತ್ತು ಲೀಟರಿಗೆ ಒಂದೆಲೆ.

ಗಾಜಿನ ಹಿಂಬದಿಗೆ ಕಟ್ಟಿದ ಪಾಚಿಯನ್ನು ಕೆರೆಯಬೇಡಿ. ನಮಗೆ ಕಾಣುವ ಮುಂಬದಿಯನ್ನು ಮಾತ್ರ ಒರಸಿದರೆ ಸಾಕು. ಸೀಗಡಿ ದಿನವಿಡೀ ಹೆಕ್ಕಿ ತಿನ್ನುವುದು ಆ ಪಾಚಿಯನ್ನೂ ಲೋಳೆಯನ್ನೂ. ಅಲ್ಲಿ ನಾವು ಕೊಳೆಯೆಂದು ಕರೆಯುವುದು ಅವುಗಳ ಗದ್ದೆ.

ನೀರಿನ ಗುಣ

ಚೆರ್ರಿ ಸೀಗಡಿ ಸುಕುಮಾರಿಯಲ್ಲ. ಸ್ವಲ್ಪ ಗಡಸು ನೀರೇ ಅದಕ್ಕೆ ಹಿತ, ಏಕೆಂದರೆ ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕು. ಅದು ಸಹಿಸದಿರುವುದು ಹಠಾತ್ತಾದ ಬದಲಾವಣೆಯನ್ನು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಒಂದು ದಿನ ಕಾವೇರಿಯ ನೀರು, ಮರುದಿನ ಕೊಳವೆಬಾವಿಯದು, ಬೇಸಗೆಯಲ್ಲಿ ಟ್ಯಾಂಕರಿನದು. ಮೂರೂ ಒಂದೇ ನಲ್ಲಿಯಲ್ಲಿ ಬರುತ್ತವೆ. ಮೂರರ ಗಡಸುತನ ಬೇರೆ ಬೇರೆ. ಮನುಷ್ಯರಿಗೆ ಸೋಪು ನೊರೆಯಾಗದಿದ್ದಾಗ ಮಾತ್ರ ಅದು ಅರಿವಾಗುತ್ತದೆ, ಸೀಗಡಿಗೆ ಪ್ರಾಣಸಂಕಟ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಪೆನ್ನಿನಂಥ ಅಗ್ಗದ ಉಪಕರಣವೊಂದನ್ನು ಕೊಂಡಿಟ್ಟರೆ ಅದು ಬಹಳ ದುಃಖವನ್ನು ಉಳಿಸುತ್ತದೆ. ಲೀಟರಿಗೆ 150ರಿಂದ 300 ಮಿಲಿಗ್ರಾಂ ಒಳಗೆ ಎಲ್ಲಾದರೂ ಇರಲಿ. ಆದರೆ ಇದ್ದಲ್ಲಿಯೇ ಇರಲಿ.

ಕುಡಿಯುವ ನೀರಿನ ಶುದ್ಧಿಯಂತ್ರದಿಂದ ಬಂದ ನೀರೇ ಶ್ರೇಷ್ಠವೆಂದು ಅದೊಂದನ್ನೇ ತುಂಬುವವರಿದ್ದಾರೆ. ಆ ಯಂತ್ರ ಲವಣಗಳನ್ನೆಲ್ಲ ಕಳೆದುಬಿಡುವ ಬಗೆಯದಾದರೆ ಸೀಗಡಿಯ ಚಿಪ್ಪು ಗಟ್ಟಿಯಾಗದು. ಅದನ್ನು ನಲ್ಲಿಯ ನೀರಿನೊಡನೆ ಬೆರೆಸಿ ಹದಮಾಡಬೇಕು. ಆವಿಯಾಗಿ ಹೋದಷ್ಟನ್ನು ತುಂಬಲು ಮಾತ್ರ ಆ ಶುದ್ಧನೀರೇ ಸರಿ. ಏಕೆಂದರೆ ಆವಿಯಾಗುವುದು ನೀರು, ಲವಣ ಹಿಂದೆಯೇ ಉಳಿದು ದಿನೇ ದಿನೇ ಗಟ್ಟಿಯಾಗುತ್ತದೆ.

ನಲ್ಲಿಯ ನೀರಿನ ಕ್ಲೋರಿನ್ನು ಅಗಲವಾದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಕ್ಲೋರಿನ್ನಿಗೆ ಬದಲು ಕ್ಲೋರಮೀನ್ ಬೆರೆಸಿದ ನೀರಾದರೆ ತೆರೆದಿಟ್ಟು ಫಲವಿಲ್ಲ. ಅದಕ್ಕೆಂದೇ ತಯಾರಾದ ಔಷಧ ಬೇಕು. ಅಂಗಡಿಗಳಲ್ಲಿ ಕ್ಲೋರಿನ್ ಕಳೆಯುವ ಹರಳೆಂದು ಮಾರುವುದು ಸೋಡಿಯಂ ಥಯೊಸಲ್ಫೇಟ್. ಹಿಂದೆ ಛಾಯಾಚಿತ್ರದ ಸ್ಟುಡಿಯೊಗಳ ಕತ್ತಲೆಕೋಣೆಯಲ್ಲಿ 'ಹೈಪೊ' ಎಂಬ ಹೆಸರಿನಲ್ಲಿ ಇರುತ್ತಿದ್ದ ವಸ್ತು ಇದೇ. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಐದರಲ್ಲಿ ಒಂದು ಪಾಲು ನೀರನ್ನು ಬದಲಾಯಿಸಿದರೆ ಸಾಕು. ತೆಗೆದ ನೀರಿನಲ್ಲಿಯೇ ಸ್ಪಂಜನ್ನು ಎರಡು ಸಲ ಹಿಂಡಿ ಮತ್ತೆ ಇಟ್ಟುಬಿಡಿ. ಆ ಕಪ್ಪು ನೀರು ಗುಲಾಬಿಗಿಡಕ್ಕೆ ಒಳ್ಳೆಯದು.

ಹೊಸ ಸೀಗಡಿಗಳನ್ನು ತಂದಾಗ ಚೀಲ ಕತ್ತರಿಸಿ ತೊಟ್ಟಿಗೆ ಸುರಿಯಬಾರದು. ಒಂದು ಪಾತ್ರೆಯಲ್ಲಿ ಚೀಲದ ನೀರಿನೊಡನೆ ಬಿಟ್ಟು, ತೊಟ್ಟಿಯಿಂದ ತೆಳ್ಳನೆಯ ಕೊಳವೆಯೊಂದನ್ನು ಇಳಿಬಿಟ್ಟು, ಕೊಳವೆಗೆ ಗಂಟು ಹಾಕಿ, ಸೆಕೆಂಡಿಗೆ ಎರಡು ಮೂರು ಹನಿಯಂತೆ ಒಂದೆರಡು ಗಂಟೆ ಇಳಿಯಬಿಡಬೇಕು. ಆಸ್ಪತ್ರೆಯಲ್ಲಿ ಗ್ಲೂಕೋಸು ಹನಿಸಿದಂತೆ! ಮೊದಲ ಸಲ ಹತ್ತೋ ಹನ್ನೆರಡೋ ಸಾಕು.

ಹೊಗೆ ಮತ್ತು ತಾಮ್ರ

ಪಾಶ್ಚಾತ್ಯರ ಪುಸ್ತಕಗಳಲ್ಲಿ ಅಷ್ಟಾಗಿ ಕಾಣದ, ನಮ್ಮ ಮನೆಗಳಿಗೆ ವಿಶೇಷವಾದ ಎರಡು ಅಪಾಯಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಮೊದಲನೆಯದು ಸೊಳ್ಳೆಯ ಔಷಧ. ಸೀಗಡಿ ಹುಳುವಿನ ದೂರದ ನೆಂಟ. ಸೊಳ್ಳೆಬತ್ತಿಯಲ್ಲಿಯೂ, ವಿದ್ಯುತ್ತಿನಿಂದ ಕಾಯಿಸುವ ಸೊಳ್ಳೆದ್ರವದಲ್ಲಿಯೂ ಇರುವ ಅಲೆತ್ರಿನ್, ಟ್ರಾನ್ಸ್‌ಫ್ಲೂತ್ರಿನ್ ಮೊದಲಾದ ಪೈರೆತ್ರಾಯ್ಡುಗಳು ಮನುಷ್ಯರಿಗೆ ಅಷ್ಟೇನೂ ಅಪಾಯ ಮಾಡದ ಪ್ರಮಾಣದಲ್ಲಿಯೇ ಸೀಗಡಿಯ ನರಗಳನ್ನು ಕೆಡಿಸುತ್ತವೆ. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಊದುವುದೇ ಗಾಳಿಪಂಪಿನ ಕೆಲಸವಲ್ಲವೆ? ಔಷಧದ ಹೊಗೆಯನ್ನೂ ಅದು ನಿಷ್ಠೆಯಿಂದ ಒಳಗೆ ಕಳುಹಿಸುತ್ತದೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಆರು ತಿಂಗಳು ಚೆನ್ನಾಗಿ ಬೆಳೆದಿದ್ದ ತೊಟ್ಟಿಯೊಂದು ಒಂದೇ ರಾತ್ರಿಯಲ್ಲಿ ಬರಿದಾಯಿತು. ನೀರಿನ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಮಳೆಗಾಲ ಹಿಡಿದು ಸೊಳ್ಳೆ ಹೆಚ್ಚಿತೆಂದು ಅಂದು ಸಂಜೆ ಹಜಾರದಲ್ಲಿ ಔಷಧ ಸಿಂಪಡಿಸಿದ್ದರು. ಮಕ್ಕಳಿಗೆ ಡೆಂಗಿ ಬರಬಾರದೆಂದು ಮಾಡಿದ ಕೆಲಸ. ತಪ್ಪೆನ್ನಲು ಯಾರಿಗೆ ಮನಸ್ಸು ಬಂದೀತು? ತೊಟ್ಟಿಯಿರುವ ಕೋಣೆಗೆ ಕಿಟಕಿಯ ಬಲೆ, ಮಲಗುವವರಿಗೆ ಸೊಳ್ಳೆಪರದೆ, ಇವೇ ಉಪಾಯ. ಔಷಧ ಅನಿವಾರ್ಯವಾದರೆ ಅದು ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ. ತೊಟ್ಟಿಗೆ ಹಾಕುವ ಪಾಲಕ್ ಸೊಪ್ಪು, ಸೌತೆಕಾಯಿಗಳ ಮೇಲೆಯೂ ಇದೇ ಜಾತಿಯ ಕೀಟನಾಶಕ ಇರಬಹುದು; ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿ, ಸೌತೆಯ ಸಿಪ್ಪೆ ಹೆರೆದು ಹಾಕಿರಿ. ಹೊಸದಾಗಿ ಕೊಂಡ ನೀರುಗಿಡಗಳನ್ನು ಹಲವು ದಿನ ಬೇರೆ ಬಕೆಟ್ಟಿನಲ್ಲಿಟ್ಟು, ನೀರು ಬದಲಾಯಿಸುತ್ತ ನೆನೆಸಿಡುವುದೂ ಅವಶ್ಯ.

ಎರಡನೆಯದು ತಾಮ್ರ. ವಿಚಿತ್ರವೆಂದರೆ ಸೀಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ತಾಮ್ರವೇ. ನಮ್ಮ ರಕ್ತದಲ್ಲಿ ಕಬ್ಬಿಣವಿದ್ದಂತೆ. ಆದರೆ ನೀರಿನಲ್ಲಿ ಅದು ತುಸು ಹೆಚ್ಚಾದರೂ ವಿಷ. ಆರೋಗ್ಯಕ್ಕೆ ಒಳ್ಳೆಯದೆಂದು ತಾಮ್ರದ ಕೊಡದಲ್ಲಿ ರಾತ್ರಿಯಿಡೀ ಇಟ್ಟ ನೀರು ನಮಗೆ ಸರಿ. ತೊಟ್ಟಿಗೆ ಅದನ್ನು ಹಾಕಕೂಡದು. ಸ್ನಾನದ ತಾಮ್ರದ ಹಂಡೆಯ ನೀರಿಗೂ ಇದೇ ಮಾತು. ಮೀನಿನ ರೋಗಗಳಿಗೆ ಮಾರುವ ಔಷಧಗಳಲ್ಲಿ ಹಲವಕ್ಕೆ ತಾಮ್ರದ ಲವಣವೇ ಜೀವಾಳ. ಪೊಟ್ಟಣದ ಮೇಲೆ ಬರೆದಿರುವುದನ್ನು ಓದದೆ ಒಂದು ಹನಿಯನ್ನೂ ಹಾಕಬೇಡಿ.

ಬೇಸಗೆಯ ವಿಷಯವಾಗಿ ಒಂದು ಮಾತು. ಇಪ್ಪತ್ತರಿಂದ ಇಪ್ಪತ್ತಾರು ಡಿಗ್ರಿ ಶಾಖದಲ್ಲಿ ಈ ಜೀವಿ ಸುಖಿ. ಮೂವತ್ತು ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಮೆಯಾಗುತ್ತದೆ, ಅಮೋನಿಯದ ವಿಷ ತೀಕ್ಷ್ಣವಾಗುತ್ತದೆ. ಬೆಂಗಳೂರು ಮೈಸೂರುಗಳವರು ಹೇಗೋ ಪಾರಾಗುತ್ತಾರೆ. ರಾಯಚೂರು, ಕಲಬುರಗಿ, ಬಳ್ಳಾರಿಯ ವಾಚಕರು ಮಾರ್ಚಿಗೆ ಮೊದಲೇ ಯೋಚಿಸಬೇಕು. ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮೇಲ್ಮೈಗೆ ಸಣ್ಣ ಫ್ಯಾನಿನ ಗಾಳಿ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಬರ್ಫದ ಗಡ್ಡೆ ಹಾಕುವುದು ಬೇಡ. ಹಠಾತ್ ಬದಲಾವಣೆಯ ಮಾತನ್ನು ಮೊದಲೇ ಹೇಳಿದೆ.

ಪೊರೆ ಮತ್ತು ಮರಿ

ಒಂದು ದಿನ ಬೆಳಗ್ಗೆ ತೊಟ್ಟಿಯಲ್ಲಿ ಗಾಜಿನಂಥ ಬಿಳಿಯ ಸೀಗಡಿಯೊಂದು ನಿಶ್ಚಲವಾಗಿ ಬಿದ್ದಿರುತ್ತದೆ. ಅಳುವುದಕ್ಕೆ ಮುನ್ನ ಎಣಿಸಿ ನೋಡಿ. ಎಣಿಕೆ ಸರಿಯಾಗಿದ್ದರೆ ಅದು ಹೆಣವಲ್ಲ, ಕಳಚಿದ ಚಿಪ್ಪು. ಹಾವು ಪೊರೆ ಬಿಡುವಂತೆ ಬೆಳೆದ ಸೀಗಡಿ ಮೂರು ನಾಲ್ಕು ವಾರಗಳಿಗೊಮ್ಮೆ ಮೈಚಿಪ್ಪನ್ನು, ಮೀಸೆ ಕಾಲುಗಳ ಕವಚವೂ ಸೇರಿದಂತೆ, ಕಳಚುತ್ತದೆ. ಅದನ್ನು ಎತ್ತಿ ಹಾಕಬಾರದು. ಅದರ ಸುಣ್ಣವನ್ನು ಅವು ತಿಂದು ಮರಳಿ ಪಡೆಯುತ್ತವೆ. ಕತ್ತಿನ ಹಿಂದೆ ಮೈಸುತ್ತ ಬಿಳಿಯ ಉಂಗುರದಂತೆ ಬಿರುಕು ಬಿಟ್ಟು, ಚಿಪ್ಪು ಕಳಚಲಾರದೆ ಒದ್ದಾಡುವ ಸೀಗಡಿ ಬದುಕುವುದು ಅಪರೂಪ. ಸುಣ್ಣದ ಕೊರತೆ, ಒಮ್ಮೆಗೇ ಬಹಳ ನೀರು ಬದಲಾಯಿಸಿದ್ದು, ಇವು ಅದರ ಸಾಮಾನ್ಯ ಕಾರಣಗಳು.

ಹೆಣ್ಣು ಗಂಡಿಗಿಂತ ದೊಡ್ಡದು, ಬಣ್ಣವೂ ಗಾಢ. ಅದು ಪೊರೆ ಬಿಟ್ಟ ದಿನ ತೊಟ್ಟಿಯ ಗಂಡುಗಳೆಲ್ಲ ಹುಚ್ಚೆದ್ದಂತೆ ಈಜಾಡುತ್ತವೆ, ರೋಗವೆಂದು ಭ್ರಮಿಸಬೇಡಿ. ಬಳಿಕ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲಿ ಹೊತ್ತು, ಸಣ್ಣ ಕಾಲುಗಳಿಂದ ಅವಕ್ಕೆ ಸದಾ ನೀರು ಬೀಸುತ್ತ, ತಾಯಿ ಮೂರು ನಾಲ್ಕು ವಾರ ಕಳೆಯುತ್ತದೆ. ಮರಿಗಳ ಉದ್ದ ಎರಡು ಮಿಲಿಮೀಟರು. ಭೂತಗನ್ನಡಿ ಹಿಡಿದ ಮಕ್ಕಳೇ ಅವನ್ನು ಮೊದಲು ಕಾಣುವವರು. ತೊಟ್ಟಿಯಲ್ಲಿ ಮೀನಿದ್ದರೆ ಮಾತ್ರ ಯಾರಿಗೂ ಕಾಣದೆ ಹೋಗುತ್ತವೆ. ಗಪ್ಪಿಯಂಥ ಸಾಧು ಮೀನು ಕೂಡ ಮರಿಗಳನ್ನು ಬಿಡದು. ಮೇವು ಎರಡು ದಿನಕ್ಕೊಮ್ಮೆ, ಎರಡು ಗಂಟೆಯಲ್ಲಿ ಮುಗಿಯುವಷ್ಟು, ಉಳಿದುದನ್ನು ತೆಗೆಯಬೇಕು. ಪಾಪ ಹಸಿದೀತೆಂದು ಅಜ್ಜಿ ಒಂದು ಚಿಟಿಕೆ, ಮೊಮ್ಮಗ ಒಂದು ಚಿಟಿಕೆ, ಕೆಲಸದವಳು ಒಂದು ಚಿಟಿಕೆ ಹಾಕಿದರೆ ಅಮೋನಿಯದ ಕಥೆ ಮತ್ತೆ ಮೊದಲಿನಿಂದ.

ಒಂದು ಸೀಗಡಿಯ ಆಯುಸ್ಸು ಒಂದೆರಡು ವರ್ಷ. ಆದರೆ ಹನ್ನೆರಡರಿಂದ ಆರಂಭವಾದ ತೊಟ್ಟಿ ವರ್ಷದೊಳಗೆ ನೂರನ್ನು ಮೀರುವುದು ಅಸಂಭವವಲ್ಲ. ಆಗ ಕೆಲವರಿಗೆ ಧರ್ಮಬುದ್ಧಿ ಹುಟ್ಟಿ ಕೆರೆಗೋ ಹೊಳೆಗೋ ಬಿಟ್ಟುಬರುವ ಮನಸ್ಸಾಗುತ್ತದೆ. ಇದು ಸಲ್ಲದು. ಜರ್ಮನಿಯಲ್ಲಿ ವಿದ್ಯುದಾಗಾರದ ಬಿಸಿನೀರು ಸೇರುವ ಹಳ್ಳವೊಂದರಲ್ಲಿ ಈ ಚೆರ್ರಿ ಸೀಗಡಿ ಬೇರೂರಿರುವುದನ್ನು 2013ರಲ್ಲಿ ವರದಿ ಮಾಡಿದರು. ಅದರ ಜೊತೆಗೇ ನಮ್ಮ ಭಾರತದ ಕಡೆಯ ಒಂದು ಸಿಹಿನೀರ ಸೀಗಡಿಯೂ ಅಲ್ಲಿ ನೆಲೆಸಿತ್ತು. ಯಾರದೋ ತೊಟ್ಟಿಯಿಂದಲ್ಲದೆ ಅದು ಅಲ್ಲಿಗೆ ಇನ್ನು ಹೇಗೆ ತಾನೆ ಹೋದೀತು? ಪಶ್ಚಿಮಘಟ್ಟದ ತೊರೆಗಳಲ್ಲಿ ನಮ್ಮವೇ ಆದ ಪುಟ್ಟ ಸೀಗಡಿಗಳಿವೆ. ಅವುಗಳ ಊಟದ ಎಲೆಗೆ ಪರವೂರಿನ ಅತಿಥಿಯನ್ನು ಕೂರಿಸಬಾರದು.

ಹೆಚ್ಚಾದುವನ್ನು ಸ್ನೇಹಿತರಿಗೆ ಕೊಡಿ. ಕೊಡುವಾಗ ಬರಿಯ ಸೀಗಡಿಯನ್ನು ಕೊಡದೆ, ತೊಟ್ಟಿಯ ಹಾವಸೆಯ ಒಂದು ಹಿಡಿಯನ್ನೂ, ಸ್ಪಂಜನ್ನು ಹಿಂಡಿದ ಒಂದು ಲೋಟ ಕಪ್ಪುನೀರನ್ನೂ ಒಂದು ತಿಂಗಳು ಮೊದಲೇ ಕೊಟ್ಟು ಕಳುಹಿಸಿ, ಹೊಸ ತೊಟ್ಟಿಗೆ ಸುರಿಯಲು ಹೇಳಿ. ಆ ಮನೆಯವರು ಮುಖ ಸಿಂಡರಿಸಿದರೆ ಕಾರಣ ವಿವರಿಸಿರಿ.